ಮೊದಲ ತಪ್ಪು ಎಲ್ಲಿ ಆಗಬೇಕು?

ವೈದ್ಯವಿದ್ಯೆಯು ಕೇವಲ ಗ್ರಂಥಪಠಣದಿಂದ ಸಿದ್ಧಿಸುವಂಥದಲ್ಲ. ಕೈ ಪಳಗಬೇಕು, ಪಳಗುವ ಮುನ್ನ ಅದು ತಪ್ಪುವುದು ಸಹಜ. ಆ ಮೊದಲ ತಪ್ಪು ಯಾರ ದೇಹದ ಮೇಲೆ ಆಗಬೇಕು ಎಂಬುದೇ ಇಲ್ಲಿಯ ಧರ್ಮಪ್ರಶ್ನೆ.

ಪ್ರಾಚೀನ ಭಾರತದ ಶಸ್ತ್ರವೈದ್ಯರು ಈ ಪ್ರಶ್ನೆಯನ್ನು ಎಂದೋ ಎದುರಿಸಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಶಿಷ್ಯನು ಕುಂಬಳ, ಸೋರೆ, ಸೌತೆ ಮುಂತಾದ ಕಾಯಿಗಳ ಮೇಲೆ ಛೇದನವನ್ನೂ, ದಪ್ಪ ಬಟ್ಟೆಯ ಅಂಚಿನಲ್ಲಿ ಹೊಲಿಗೆಯನ್ನೂ, ಮನುಷ್ಯಾಕೃತಿಯ ಬೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನೂ ಅಭ್ಯಸಿಸಬೇಕು. ಸಿರೆಯನ್ನು ಚುಚ್ಚುವ ಅಭ್ಯಾಸಕ್ಕೆ ಮೃತಪ್ರಾಣಿಯ ಸಿರೆಯೊಡನೆ ನೈದಿಲೆಯ ದಂಟನ್ನೂ ಹೇಳಿದೆ. ಬಹುಶಾಸ್ತ್ರ ಬಲ್ಲವನಾದರೂ ಅಭ್ಯಾಸವಿಲ್ಲದವನು ಚಿಕಿತ್ಸಾಕರ್ಮಕ್ಕೆ ಅನರ್ಹನೆಂಬುದು ಅಲ್ಲಿಯ ನಿರ್ಣಯ.

ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ಹೊರತಂದ ‘ರಿಸಸಿ ಆ್ಯನ್’ ಗೊಂಬೆಯಲ್ಲಿಯೂ ಇದೇ ವಿವೇಕವಿದೆ. ನಿಂತ ಹೃದಯಕ್ಕೆ ಚಾಲನೆ ನೀಡಲು ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ವಿದ್ಯಾರ್ಥಿಗಳು ಇದನ್ನು ಇಂಥ ಗೊಂಬೆಗಳ ಮೇಲೆಯೇ ಕಲಿಯುತ್ತಾರೆ. ಭಾರತದಲ್ಲಿ 2019ರಿಂದ ಜಾರಿಗೆ ಬಂದ ವೈದ್ಯ ಪದವಿಯ ಪಠ್ಯಕ್ರಮವೂ ಕೌಶಲ ಪ್ರಯೋಗಾಲಯಕ್ಕೆ ಸ್ಥಾನ ನೀಡಿದೆ.

ಅಭ್ಯಾಸ ಮುಗಿದ ಮೇಲೆ ಗುರುಶಿಷ್ಯರು ಕುಳಿತು ನಡೆದುದನ್ನು ವಿಮರ್ಶಿಸುವರು. ತಪ್ಪನ್ನು ಮುಚ್ಚಿಡದೆ, ಹೀಯಾಳಿಕೆಯೂ ಇಲ್ಲದೆ ತಿದ್ದಿಕೊಳ್ಳುವ ಆ ಗಳಿಗೆಯೇ ಈ ಶಿಕ್ಷಣದ ತಿರುಳು.

ಆದರೆ ಗೊಂಬೆಗೆ ನೋವಿಲ್ಲ, ಭಯವಿಲ್ಲ. ಹೊರಗೆ ಕಾದು ಕುಳಿತ ಬಂಧುಗಳಿಲ್ಲ. ಅದರಿಂದ ಕೈಚಳಕ ಬರಬಹುದು, ಕರುಣೆಯನ್ನು ರೋಗಿಯ ಬಳಿಯೇ ಕಲಿಯಬೇಕು. ತಪ್ಪಿಗೆ ಎಡೆಯಿರುವಲ್ಲಿ ಶ್ರದ್ಧೆಯಿಂದ ಅಭ್ಯಸಿಸದವನು, ಎಡೆಯಿಲ್ಲದಲ್ಲಿ ಅದರ ಬೆಲೆಯನ್ನು ಪರರಿಂದ ತೆರಿಸುತ್ತಾನೆ.