ಡೆಟ್ರಾಯಿಟ್ ಕಾದ 32 ವರ್ಷ
2008ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯಿಟ್ ಲಯನ್ಸ್ ಆಡಿದ 16 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಆದರೂ ಊರು ತಂಡದ ಕೈ ಬಿಡಲಿಲ್ಲ.

2023ರ ಸೀಸನ್‌ನಲ್ಲಿ ಅದೇ ತಂಡ 12 ಪಂದ್ಯ ಗೆದ್ದು ನಾಕೌಟ್ ಹಂತಕ್ಕೆ ಬಂತು. ಎದುರಾಳಿ ಲಾಸ್ ಏಂಜಲೀಸ್ ರ‍್ಯಾಮ್ಸ್. 2021ರಲ್ಲಿ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಅವರನ್ನು ಡೆಟ್ರಾಯಿಟ್‌ಗೆ ಬಿಟ್ಟುಕೊಟ್ಟು, ಲಯನ್ಸ್‌ಗೆ 12 ವರ್ಷ ಆಡಿದ್ದ ಮ್ಯಾಥ್ಯೂ ಸ್ಟ್ಯಾಫರ್ಡ್ ಅವರನ್ನು ಕರೆಸಿಕೊಂಡ ತಂಡ! ತವರು ಮೈದಾನ ಫೋರ್ಡ್ ಫೀಲ್ಡ್ ತುಂಬ ಗಾಫ್ ಹೆಸರಿನದೇ ಕೂಗು. 24–23. ನಾಕೌಟ್‌ನಲ್ಲಿ 32 ವರ್ಷಗಳ ನಂತರದ ಮೊದಲ ಗೆಲುವು.

ಮುಂದೊಂದು ನಾಕೌಟ್ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎದುರು ಅರ್ಧ ಆಟಕ್ಕೆ 24–7 ಮುನ್ನಡೆಯಲ್ಲಿದ್ದವರು 31–34ರಲ್ಲಿ ಸೋತರು. 3 ಅಂಕದ ಫೀಲ್ಡ್ ಗೋಲ್ ಬಿಟ್ಟು ಎರಡು ಸಲ ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಯತ್ನದಲ್ಲಿ, ಮುನ್ನುಗ್ಗಿಸಿದ ಕೋಚ್ ಡ್ಯಾನ್ ಕ್ಯಾಂಬೆಲ್ ಅವರನ್ನು ಹಲವರು ದೂರಿದರು. ಅದು ನ್ಯಾಯವಲ್ಲ. ತಂಡ ಅಲ್ಲಿವರೆಗೆ ಬಂದಿದ್ದೇ ಹಾಗೆ ಆಡಿ. ಮೊದಲ ಸಲವಂತೂ ಚೆಂಡು ರಿಸೀವರ್ ಜಾಶ್ ರೆನಾಲ್ಡ್ಸ್ ಕೈಗೇ ಬಂದು ಜಾರಿತ್ತು.