ಕಾಣದ ಜೀವಗಳ ದುಡಿಮೆ

ಮಂಗಳೂರಿನ ಕುದ್ರೋಳಿಯೆಂದರೆ 1912ರಲ್ಲಿ ನಾರಾಯಣ ಗುರುಗಳಿಂದ ಪ್ರತಿಷ್ಠಾಪಿತವಾದ ಗೋಕರ್ಣನಾಥ ಕ್ಷೇತ್ರ ನೆನಪಾಗುವುದು ಸಹಜ. ನಗರದ ಕಸಾಯಿಖಾನೆಯೂ ಇದೇ ಕುದ್ರೋಳಿಯ ಹೆಸರಿನಿಂದಲೇ ಪರಿಚಿತ. 2018ರಲ್ಲಿ ಅದರ ನವೀಕರಣಕ್ಕೆ ಸ್ಮಾರ್ಟ್ ಸಿಟಿ ಯೋಜನೆಯಿಂದ 15 ಕೋಟಿ ರೂಪಾಯಿ ಒದಗಿಸುವ ಪ್ರಸ್ತಾಪ ಬಂದಾಗ ಊರೆಲ್ಲ ವಾದವಿವಾದ ನಡೆಯಿತು. ಆ ದಿನಗಳಲ್ಲಿ ಅಲ್ಲಿಯ ಒಬ್ಬ ವೃದ್ಧ ವರ್ತಕರು ಮಾತ್ರ ಯಾರ ಪರವಾಗಿಯೂ ಮಾತನಾಡಲಿಲ್ಲ. ಅವರ ಮೌನಕ್ಕೆ ಹಳೆಯದೊಂದು ಕಾರಣವಿತ್ತು.

1994ರ ಸುಮಾರಿಗೆ ಅವರ ತಾಯಿಗೆ ಸಕ್ಕರೆ ಕಾಯಿಲೆ ಉಲ್ಬಣಿಸಿ, ದಿನವೂ ಇನ್ಸುಲಿನ್ ಚುಚ್ಚಲೇಬೇಕೆಂದು ವೈದ್ಯರು ಹೇಳಿದರು. ಆಕೆ ವ್ರತಸ್ಥೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟುತ್ತಿರಲಿಲ್ಲ. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಿ ಬಿಡುವುದು ಆಕೆಯ ನಿತ್ಯನೇಮ. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಗೆ ಬಿಟ್ಟವರಲ್ಲ. ಅಂತಹ ತಾಯಿ ಸೀಸೆಯನ್ನು ನೋಡಿ, “ಮಗಾ, ಇದು ಯಾವುದರಿಂದ ಮಾಡಿದ್ದು?” ಎಂದು ಕೇಳಿದರು. ಆಗ ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುತ್ತಿದ್ದುದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್. ಚೀಟಿಯನ್ನು ಓದಿದ್ದ ಮಗ, “ಕಾರ್ಖಾನೆಯಲ್ಲಿ ಮಾಡುವ ಔಷಧ, ಅಮ್ಮ” ಎಂದರು. ಮಾತು ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಐದು ವರ್ಷ ಆ ಔಷಧದಿಂದ ಬದುಕಿದ ತಾಯಿ ಸತ್ಯವನ್ನು ಅರಿಯದೆಯೇ ತೀರಿಕೊಂಡರು.

ಎಂಟು ಔನ್ಸ್ ಶುದ್ಧ ಇನ್ಸುಲಿನ್ ಪಡೆಯಲು ಎರಡು ಟನ್ನಿಗೂ ಮಿಕ್ಕಿ ಹಂದಿಯ ಅಂಗಗಳು ಬೇಕಾಗುತ್ತಿದ್ದವೆಂಬುದನ್ನು ವರ್ತಕರು ಬಹಳ ಕಾಲದ ಬಳಿಕ ಓದಿದರು. ಲೆಕ್ಕ ಬಲ್ಲ ಮನುಷ್ಯನಿಗೆ ಇಂತಹ ಅಂಕಿ ಸುಲಭವಾಗಿ ಮರೆಯುವುದಿಲ್ಲ.

ಅಷ್ಟರಲ್ಲಿ ವಿಜ್ಞಾನ ಬೇರೆ ದಾರಿ ಹಿಡಿದಿತ್ತು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಇ-ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದಲೇ ಇನ್ಸುಲಿನ್ ಪಡೆದರು. 1982ರಲ್ಲಿ ಅದರ ಮಾರಾಟಕ್ಕೆ ಒಪ್ಪಿಗೆ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಪಿಚಿಯ ಎಂಬ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ವಂಶವಾಹಿಯನ್ನು ತಿದ್ದಿದ ಯೀಸ್ಟು ಉಕ್ಕಿನ ದೊಡ್ಡ ಪಾತ್ರೆಗಳಲ್ಲಿ ಬೆಳೆದು, ಇನ್ಸುಲಿನ್ನಿನ ಪೂರ್ವರೂಪವನ್ನು ಸುತ್ತಲಿನ ದ್ರವಕ್ಕೆ ಸ್ರವಿಸುತ್ತದೆ. ಪಂಚೇಂದ್ರಿಯ ಜೀವದ ವಧೆ ಅಲ್ಲಿಲ್ಲ. 2006ರಲ್ಲಿ ತಮಗೂ ಅದೇ ಕಾಯಿಲೆ ಬಂದು ಈ ಇನ್ಸುಲಿನ್ ಕೈಗೆ ಬಂದಾಗ ವರ್ತಕರಿಗೆ ಸಮಾಧಾನವಾಯಿತು. ತಾಯಿಗೆ ದೊರೆಯದ್ದು ತನಗೆ ದೊರೆಯಿತಲ್ಲ ಎಂಬ ಸಂಕಟವೂ ಆಯಿತು.

ಜೈವಿಕ ತಂತ್ರಜ್ಞಾನ ಓದುತ್ತಿದ್ದ ಮೊಮ್ಮಗಳನ್ನು ಒಮ್ಮೆ ಅವರು, “ಕೆಲಸ ಮುಗಿದ ಮೇಲೆ ಆ ಯೀಸ್ಟು ಏನಾಗುತ್ತದೆ?” ಎಂದು ಕೇಳಿದರು. “ಕೊಲ್ಲಲೇಬೇಕು ಅಜ್ಜ. ತಿದ್ದಿದ ಜೀವವನ್ನು ಜೀವಂತವಾಗಿ ಹೊರಗಿನ ನೀರಿಗೆ ಬಿಡಬಾರದು” ಎಂದಳು. ಇಂತಹ ಜೀವಿಗಳ ನಿಯಂತ್ರಣಕ್ಕೆ ನಮ್ಮ ದೇಶದಲ್ಲಿ 1989ರಿಂದಲೇ ನಿಯಮಗಳಿವೆ. ಅಜ್ಜನ ಕಣ್ಣೆದುರಿಗೆ ಬಂದದ್ದು ತಾಯಿಯ ಗಾಳಿಸುವ ಬಟ್ಟೆ. ಬಾವಿಯ ಜೀವವನ್ನು ಬಾವಿಗೇ ಮರಳಿಸುವುದು ಅಲ್ಲಿಯ ಅಹಿಂಸೆ. ಇಲ್ಲಿ ಮರಳಿಸದಿರುವುದೇ ಹೊರಗಿನ ಅಸಂಖ್ಯ ಜೀವಗಳಿಗೆ ತೋರುವ ದಯೆ!

ಇವೆಲ್ಲ ನಿಗೋದ ಜೀವಗಳು, ಕೊಂದರೂ ಬಾಧಕವಿಲ್ಲ ಎಂದು ಕೆಲವು ವಿದ್ವಾಂಸರು ಅವಸರದಲ್ಲಿ ಹೇಳುವುದುಂಟು. ಇದು ಒಪ್ಪತಕ್ಕ ಮಾತಲ್ಲ. ಆಗಮದ ಪ್ರಕಾರ ಸೂಕ್ಷ್ಮ ಜೀವಗಳು ಇತರರಿಂದ ಬಾಧೆಗೊಳ್ಳುವುದಿಲ್ಲ. ಬಿಸಿಯಿಂದ ಸಾಯುವ ಯೀಸ್ಟು ಆ ವರ್ಗಕ್ಕೆ ಸೇರಲಾರದು. ಮೂಲಾಚಾರವು ಪಾಚಿ, ಬೂಷ್ಟು, ಅಣಬೆಗಳನ್ನು ಬಾದರ ಕಾಯಗಳೆಂದೇ ಎಣಿಸಿದೆ. ಮದ್ಯತ್ಯಾಗವನ್ನು ಮೂಲಗುಣದಲ್ಲಿ ಸೇರಿಸಿದ ಆಚಾರ್ಯರು, ಅಮಲಿನ ಜೊತೆಗೆ ಹುದುಗಿದ ರಸದಲ್ಲಿ ಹುಟ್ಟಿ ಸಾಯುವ ಜೀವಗಳನ್ನೂ ಕಾರಣವಾಗಿ ಹೇಳಿದ್ದಾರೆ. ಆದುದರಿಂದ ಇಲ್ಲಿ ಹಿಂಸೆಯಿಲ್ಲವೆನ್ನುವಂತಿಲ್ಲ. ತ್ರಸಹಿಂಸೆಗೆ ಹೋಲಿಸಿದರೆ ಅಲ್ಪ, ಪ್ರಾಣರಕ್ಷಣೆಗಾಗಿ ಗೃಹಸ್ಥನಿಗೆ ಅನಿವಾರ್ಯ ಎನ್ನಬಹುದು, ಅಷ್ಟೆ.

ಅನಿವಾರ್ಯವಲ್ಲದ ಕಡೆ ಏನು ಮಾಡಬೇಕು? ಈ ಪ್ರಶ್ನೆಯೂ ವರ್ತಕರ ಮನೆ ಬಾಗಿಲಿಗೇ ಬಂದಿತು. ದಾಯಾದಿ ತಮ್ಮನೊಬ್ಬನು ಪಾಚಿ ಬೆಳೆಸುವ ಉದ್ಯಮಕ್ಕೆ ಬಂಡವಾಳ ಕೇಳಿಕೊಂಡು ಬಂದ. ಹೆಮಟೊಕೊಕಸ್ ಎಂಬ ಆ ಹಸಿರು ಪಾಚಿಯನ್ನು ತೀಕ್ಷ್ಣ ಬೆಳಕಿಗೆ ಒಡ್ಡಿ, ಸಾರಜನಕವಿಲ್ಲದೆ ಉಪವಾಸ ಕೆಡವಿದರೆ ಅದು ತನ್ನ ರಕ್ಷಣೆಗಾಗಿ ಗಟ್ಟಿ ಕವಚದೊಳಗೆ ಮುದುಡಿ ಕೆಂಪಾಗುತ್ತದೆ. ಆ ಕೆಂಪು ವರ್ಣದ್ರವ್ಯಕ್ಕೆ ಒಳ್ಳೆಯ ಬೆಲೆ. ಇದೇ ಪಾಚಿಯೊಳಗೆ ಮಣ್ಣಿನ ಬ್ಯಾಕ್ಟೀರಿಯಾವೊಂದರ ಮೂಲಕ ಹೊಸ ವಂಶವಾಹಿಯನ್ನು ಸೇರಿಸುವ ವಿಧಾನವನ್ನು ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ್ದರು. “ಮುಂದೆ ತಿದ್ದಿದ ತಳಿ ಬಂದರೆ ಲಾಭ ಇನ್ನೂ ಹೆಚ್ಚು” ಎಂದು ತಮ್ಮನ ಉತ್ಸಾಹ. ಆ ತಳಿಯ ಮೇಲೆ ಹಕ್ಕನ್ನೂ ಪಡೆಯಬಹುದೆಂದು ಸೇರಿಸಿದ. ಎಣ್ಣೆ ಜೀರ್ಣಿಸುವ ಬ್ಯಾಕ್ಟೀರಿಯಾವನ್ನು ರೂಪಿಸಿದ ಆನಂದ ಮೋಹನ ಚಕ್ರವರ್ತಿಯವರಿಗೆ 1980ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪೇಟೆಂಟಿಗೆ ಅವಕಾಶ ಕೊಟ್ಟ ನಂತರ ಇದೇನೂ ಹೊಸ ಮಾತಲ್ಲ. ಹೊಲ, ಮನೆ, ಧನ, ಧಾನ್ಯಗಳಿಗೆ ಮಿತಿ ಹಾಕಿಕೊಂಡ ಶ್ರಾವಕನು ಒಂದು ಜೀವಕುಲವನ್ನೇ ತನ್ನ ಪರಿಗ್ರಹದ ಯಾವ ಅಂಕಣದಲ್ಲಿ ಬರೆಯಬೇಕೋ ತಿಳಿಯದು.

ವರ್ತಕರು ಕೇಳಿದ್ದು ಒಂದೇ ಪ್ರಶ್ನೆ: “ಕೊಳ್ಳುವವರು ಯಾರು?” ಮಾತ್ರೆ ತಯಾರಿಸುವವರು, ಸೌಂದರ್ಯಸಾಧನದವರು, ಸಾಕಿದ ಮೀನಿನ ಮಾಂಸ ಕೆಂಪಾಗಿ ಕಾಣಲೆಂದು ಮೇವಿಗೆ ಬೆರೆಸುವವರು ಎಂದು ತಮ್ಮ ಮುಚ್ಚುಮರೆಯಿಲ್ಲದೆ ಹೇಳಿದ. ಅವನ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ತಾಯಿಯ ಪ್ರಶ್ನೆಗೆ ತಾವು ಅಷ್ಟು ನೇರವಾಗಿ ಉತ್ತರಿಸಿರಲಿಲ್ಲವೆಂಬುದು ವರ್ತಕರಿಗೆ ನೆನಪಾಗದೆ ಇರಲಿಲ್ಲ. ಬಂಡವಾಳ ಕೊಡಲಾರೆನೆಂದರು.

“ಅಣ್ಣಾ, ನೀವು ದಿನವೂ ಚುಚ್ಚಿಕೊಳ್ಳುವುದೂ ಅಂತಹುದೇ ಜೀವದ ದುಡಿಮೆಯಲ್ಲವೇ?” ಎಂದು ತಮ್ಮ ಕೇಳಿದ.

“ಹೌದು” ಎಂದರು ವರ್ತಕರು. ಸಂಜೆಯ ಊಟದ ಹೊತ್ತಾಗಿತ್ತು. ಅವನನ್ನೂ ಊಟಕ್ಕೆ ಕರೆದು, ತಾವು ಒಳಗೆ ಹೋಗಿ ಸೂಜಿಯನ್ನು ತೆಗೆದುಕೊಂಡರು.