ಗಂಗಿಯ ಪಾತ್ರ ಯಾರು ಹಾಕಿದ್ದರು?

ಪ್ರೀತಿಯ ಓದುಗ ಗೆಳತಿಗೆ,

ರಾಮದುರ್ಗದಿಂದ ನೀವು ಬರೆದ ಪತ್ರ ತಲುಪಿತು. "ಮೂಕಿ ಸಿನಿಮಾದೊಳಗ ನಮ್ಮಂಥ ಮಂದಿ ಇದ್ದರೇನ್ರೀ?" ಎಂದು ಕೇಳಿದ್ದೀರಿ. ಎರಡು ದಿನದಿಂದ ಅದೇ ಪ್ರಶ್ನೆ ತಲೆಯಲ್ಲಿದೆ.

ಫಾಲ್ಕೆಯವರ 1913ರ ಮೂಕಿ ಚಿತ್ರ 'ರಾಜಾ ಹರಿಶ್ಚಂದ್ರ' ನನಗೆ ನಮ್ಮ ದೊಡ್ಡಾಟದ ಹಾಗೆ ಕಾಣುತ್ತದೆ. ರಾಜ, ರಾಣಿ, ಋಷಿ, ಪುರಾಣದ ಕಥೆ. ಆದರೆ ದೊಡ್ಡಾಟ ಆಡುವ ನಮ್ಮ ಊರುಗಳಲ್ಲೇ ಸಣ್ಣಾಟವೂ ಇತ್ತಲ್ಲ! ಅಲ್ಲಿ ಕಿರೀಟವಿಲ್ಲ, ಭುಜಕೀರ್ತಿಯಿಲ್ಲ. ಧೋತರ ಉಟ್ಟು ರುಮಾಲು ಸುತ್ತಿಕೊಂಡು, ಮನೆಯಿಂದ ನೇರವಾಗಿ ಎದ್ದು ಬಂದವರಂತೆ ಕಾಣುವ ಪಾತ್ರಗಳು. ಹಿಂದೆ ದಪ್ಪು, ತಾಳ, ಹಿಮ್ಮೇಳ. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರ ಕಥೆ 'ಸಂಗ್ಯಾ ಬಾಳ್ಯಾ' ಆಯಿತು. ವ್ಯಾಪಾರಿ ಈರಣ್ಣ, ಅವನ ಹೆಂಡತಿ ಗಂಗಿ, ಅವಳಿಗೆ ಮನಸೋತ ಸಂಗ್ಯಾ, ಗೆಳೆಯನಿಗೇ ದ್ರೋಹ ಬಗೆದ ಬಾಳ್ಯಾ: ಎಲ್ಲರೂ ಪೇಟೆಯಲ್ಲಿ ಎದುರಾಗುವ ಮಂದಿ. ನಿತ್ಯದ ಬದುಕನ್ನು ಆಟಕ್ಕೆ ತರಲು ನಾವು ಕ್ಯಾಮೆರಾಕ್ಕಾಗಿ ಕಾಯಲಿಲ್ಲ.

ಮೂಕಿಯಲ್ಲಿ ಸಣ್ಣಾಟದ ದಾರಿ ಹಿಡಿದವರು ಕೊಲ್ಹಾಪುರದ ಬಾಬುರಾವ್ ಪೇಂಟರ್. ನಮ್ಮ ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ಇಂದು ಮೂರು ತಾಸಿನ ದಾರಿ. 1925ರಲ್ಲಿ ಅವರು ತೆಗೆದ 'ಸಾವಕಾರಿ ಪಾಶ'ದಲ್ಲಿ ಸಾಲಕ್ಕೆ ಹೊಲ ಕಳೆದುಕೊಂಡ ರೈತ ಊರು ಬಿಟ್ಟು ನಗರದ ಗಿರಣಿ ಕೂಲಿಯಾಗುತ್ತಾನೆ. ಆ ರೈತನಾದವರು ಆಗಿನ್ನೂ ಹರೆಯದ ವಿ. ಶಾಂತಾರಾಮ್. ಸಾವಕಾರನ ಬಾಗಿಲು, ಕೈ ಬಿಟ್ಟ ಹೊಲ: ಎರೆಮಣ್ಣಿನ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಭಾಷೆ ಬೇರೆ ಇರಬಹುದು, ಮಾತೇ ಇಲ್ಲದ ಚಿತ್ರಕ್ಕೆ ಅದರ ತೊಡಕೂ ಇರಲಿಲ್ಲ. ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಇದೇ ಎಂದು ನನ್ನ ಭಾವನೆ.

ಆದರೆ ಕಥೆ ಯಾರದು ಎನ್ನುವುದರ ಜೊತೆಗೆ ಪಾತ್ರ ಯಾರು ಹಾಕಿದರು ಎಂಬುದೂ ಇದೆ. ಫಾಲ್ಕೆಗೆ ಹರಿಶ್ಚಂದ್ರನ ರಾಣಿ ತಾರಾಮತಿಯ ಪಾತ್ರಕ್ಕೆ ಹೆಂಗಸು ಸಿಗಲೇ ಇಲ್ಲ. ಹೆಂಗಸರು ಕ್ಯಾಮೆರಾ ಮುಂದೆ ಬರುವುದು ಮಾನಗೇಡು ಎಂದುಕೊಂಡಿದ್ದ ಕಾಲ. ಕೊನೆಗೆ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆಯ ನೀಳ ಬೆರಳುಗಳು ಅವರ ಕಣ್ಣಿಗೆ ಬಿದ್ದವು. ಅಡುಗೆಮನೆಯ ಆ ಹುಡುಗನೇ ಸೀರೆಯುಟ್ಟು ರಾಣಿಯಾದ. ಮರುವರ್ಷ, 1914ರಲ್ಲಿ, ಸವದತ್ತಿ ಸೀಮೆಯ ಏಣಗಿಯಲ್ಲಿ ಹುಟ್ಟಿದ ಬಾಳಪ್ಪನವರೂ ಮುಂದೆ ರಂಗದ ಮೇಲೆ ಸ್ತ್ರೀಪಾತ್ರಗಳಲ್ಲಿ ಹೆಸರಾದರು. ಅವರ ಕಲೆಗೆ ನಾನು ಕೈ ಮುಗಿಯುತ್ತೇನೆ. ಆದರೂ ಹೆಣ್ಣಿನ ನೋವನ್ನು ಹೆಣ್ಣೇ ಆಡಿ ತೋರಿಸುವ ಹಕ್ಕು ತಡವಾಗಿ ಸಿಕ್ಕಿತು ಎಂಬ ಸಂಕಟ ಹೋಗುವುದಿಲ್ಲ. ಅದಕ್ಕೇ 'ಶ್ರೀಕೃಷ್ಣ ಪಾರಿಜಾತ' ಆಟದ ಕೌಜಲಗಿ ನಿಂಗಮ್ಮನ ನೆನಪಾದಾಗ ಎದೆ ಉಬ್ಬುತ್ತದೆ. ಊರೂರು ತಿರುಗಿ, ತುಂಬಿದ ಜನದ ನಡುವೆ ನಿಂತು ಹಾಡಿ ಕುಣಿದ ಹೆಣ್ಣುಮಗಳು ಅವರು.

ಬೆಳ್ಳಿತೆರೆಗೆ ಮೊದಲು ಧೈರ್ಯದಿಂದ ಬಂದವರಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾಬಾಯಿ ಇದ್ದರು. ಯಹೂದಿ ಮನೆತನದ ರೂಬಿ ಮೈಯರ್ಸ್ 'ಸುಲೋಚನಾ' ಎಂಬ ಹೆಸರಿನಲ್ಲಿ ಮೂಕಿಯ ದೊಡ್ಡ ತಾರೆಯಾದರು. ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದವರು. ಜನ ಅವರ ಮುಖವನ್ನು ಮೆಚ್ಚಿದರು, ಹುಟ್ಟುಹೆಸರನ್ನು ಮಾತ್ರ ಪರದೆಯ ಮೇಲೆ ಕಾಣಲಿಲ್ಲ.

ನಿಮ್ಮ ಅಜ್ಜಿ ಬೈಲಹೊಂಗಲದವರೆಂದು ಬರೆದಿದ್ದೀರಿ. ಬಿಡುವಾದಾಗ ಅವರ ಹತ್ತಿರ ಕೂತು ಕೇಳಿರಿ: ಅವರು ನೋಡಿದ 'ಸಂಗ್ಯಾ ಬಾಳ್ಯಾ'ದಲ್ಲಿ ಗಂಗಿಯ ಪಾತ್ರ ಹಾಕಿದ್ದು ಹೆಣ್ಣೋ, ಗಂಡೋ? ಎಂಥ ಸೀರೆ ಉಟ್ಟಿದ್ದರು? ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿರಿ.

ನಿಮ್ಮ ದಾರಿ ಕಾಯುವ,
ಗೆಳತಿ